ಹದಿಮೂರು ತುಂಬಿದವರ ಪಟ್ಟಿ

ನಮ್ಮ ಬೀದಿಯಲ್ಲಿ ಕಪ್ಪು ಜನರೂ ಬಿಳಿ ಜನರೂ ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ಇದ್ದೇವೆ. ಸಕ್ಕರೆ, ಏಣಿ, ಮಕ್ಕಳ ನೆಗಡಿ, ಎಲ್ಲವೂ ಮನೆಯಿಂದ ಮನೆಗೆ ಹೋಗುತ್ತವೆ. ಅಮೆರಿಕದ ಈ ಓಹಾಯೋ ರಾಜ್ಯದಲ್ಲೆಲ್ಲ ಇದಕ್ಕೇ ನಮ್ಮನ್ನು ಹೊಗಳುತ್ತಾರೆ. ಕೇಳಿ ಉಬ್ಬಿದವರಲ್ಲಿ ನಾನೂ ಒಬ್ಬಳು. ಆದರೆ ಮಕ್ಕಳಿಗೆ ಹದಿಮೂರು ತುಂಬಿದಾಗ ನಾವು ಮಾಡುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಆ ವಯಸ್ಸಿಗೆ ಬಿಳಿಯರ ಮನೆಗಳಿಗೆ ಮಾತ್ರ ಶನಿವಾರದ ನೃತ್ಯಕೂಟಕ್ಕೆ ಕರೆಯುವ ಕಾಗದ ಬರುತ್ತದೆ. ಹೀಗೆಂದು ಎಲ್ಲೂ ಬರೆದಿಟ್ಟ ನಿಯಮವಿಲ್ಲ. ಪಟ್ಟಿ ಮಾಡುವ ಹೆಂಗಸರಲ್ಲಿ ನನ್ನ ಅಮ್ಮ ಲೊರೇನ್ ಹಿರಿಯಳು.

ಈ ಸಲ ನನ್ನ ಮಗಳು ಡೆಲಿಯಾಗೆ ಕಾಗದ ಬಂತು. ತೊಟ್ಟಿಲಿನಿಂದ ಅವಳ ಜೊತೆಗಾತಿಯಾದ ಎದುರುಮನೆಯ ಕೆಂಡ್ರಾಗೆ ಬರಲಿಲ್ಲ. ಭಾನುವಾರ ಊಟಕ್ಕೆ ಕೂತಾಗ ಮಗಳು ಕೇಳಿಯೇಬಿಟ್ಟಳು.

“ಅಜ್ಜಿ, ಕೆಂಡ್ರಾ ಹೆಸರು ಯಾಕೆ ಬಿಟ್ಟೆ?”

“ಅವರವರಿಗೆ ಅವರವರ ಕೂಟ ಇರುತ್ತೆ ಕಣೇ. ಅಲ್ಲಿ ಹುಡುಗರ ಕೈ ಹಿಡ್ಕೊಂಡು ಕುಣೀಬೇಕು. ನಾಳೆ ಮದುವೆ ಗಿದುವೆ ಅಂದ್ರೆ?”

“ಹದಿಮೂರಕ್ಕೇ ಮದುವೆ ಮಾಡಿಸ್ತೀಯಾ?”

“ಬಾಯಿ ಜೋರಾಯ್ತು ನಿಂದು. ನಿಮ್ಮಮ್ಮನೂ ಹೀಗೇ ಕೇಳಿದ್ಲು, ಆಮೇಲೆ ತೆಪ್ಪಗೆ ಹೋದ್ಲು. ಏನು ಕಳ್ಕೊಂಡ್ಲು, ಕೇಳು.”

ಮಗಳು ನನ್ನತ್ತ ತಿರುಗಿದಳು. ಕೆಂಡ್ರಾಳ ತಾಯಿ ಇವೆಟ್ ನನ್ನ ಬಾಲ್ಯದ ಗೆಳತಿ. ನನಗೆ ಕಾಗದ ಬಂದ ವರ್ಷ ಅವಳಿಗೆ ಒಂದು ಮಾತೂ ಹೇಳದೆ ಹೋಗಿ ಕುಣಿದು ಬಂದೆ. ಮೂವತ್ತು ವರ್ಷದಿಂದ ನಾವಿಬ್ಬರೂ ಹಿಮ, ಮಕ್ಕಳು, ಕಸದ ಗಾಡಿ, ಇಷ್ಟನ್ನೇ ಮಾತಾಡುತ್ತಿದ್ದೇವೆ. ನೆನೆದರೆ ನನಗೆ ನಾಚಿಕೆಯಾಗುತ್ತದೆ.

“ಇವೆಟ್‌ನ ಕಳ್ಕೊಂಡೆ,” ಎಂದೆ.

“ಎದುರಿಗೇ ಇದ್ದಾಳಲ್ಲ, ಎಲ್ಲಿ ಹೋದ್ಲು?” ಎಂದಳು ಅಮ್ಮ. “ಅವರ ಜನ ಈ ಬೀದಿಗೆ ಬಂದಾಗ ನಮ್ಮ ಬಿಳಿಯರೆಲ್ಲ ಮನೆ ಮಾರ್ಕೊಂಡು ಓಡಿದ್ರು. ನಾನು ಓಡಲಿಲ್ಲ.”

ಅದು ನಿಜ. ಅಮ್ಮ ಓಡಲಿಲ್ಲ.

“ಓಡಲಿಲ್ಲ, ಸರಿ. ಒಳಗೂ ಕರೀಲಿಲ್ಲ,” ಎಂದಳು ಡೆಲಿಯಾ. ಕಾಗದದ ಮೇಲೆ ‘ಬರುವುದಿಲ್ಲ’ ಎಂದು ಬರೆದು ಅಜ್ಜಿಯ ತಟ್ಟೆಯ ಪಕ್ಕ ಇಟ್ಟು, ಊಟ ಮುಂದುವರಿಸಿದಳು.

ನಾನು ಎದ್ದು ರಸ್ತೆ ದಾಟಿದೆ. ಇವೆಟ್ ಅಂಗಳದಲ್ಲಿ ಎಲೆ ಗುಡ್ಡೆ ಹಾಕುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, ಅಂದು ನಾನು ಮಾಡಿದ್ದು ತಪ್ಪೆಂದೂ ಹೇಳಿದೆ. ಅವಳು ಇನ್ನೊಂದಿಷ್ಟು ಎಲೆಯನ್ನು ಗುಡ್ಡೆಗೆ ತಳ್ಳಿದಳು.

“ಆ ವರ್ಷ ನನಗೂ ಕಾಗದ ಬಂದೇ ಬರುತ್ತೆ ಅಂತ ನಮ್ಮಮ್ಮ ಬಿಳಿ ಗೌನು ಹೊಲಿದಿಟ್ಟಿದ್ಲು ಜೋನಿ,” ಎಂದಳು. “ಆ ಗೌನು ಹಾಕ್ಕೊಂಡೇ, ನೀನು ಕಾರು ಹತ್ತೋದನ್ನ ಕಿಟಕಿಯಿಂದ ನೋಡಿದೆ.”