ಸಿಟೌಟಿನ ಒಂಬತ್ತು ವ್ಯಾಟ್

ಶುಕ್ರವಾರ ಸಂಜೆ 6.50ಕ್ಕೆ ಪಾಣೆಮಂಗಳೂರಿನ ಆ ಮನೆಯ ಎರಡೂ ಕ್ಯಾಮೆರಾಗಳು ಆಫ್ ಆದವು. 6.52ಕ್ಕೆ ಶಾರ್ಜಾದಿಂದ ನೌಫಲ್ ಹೆಂಡತಿಗೆ ಫೋನ್ ಮಾಡಿದ.

"ಕರೆಂಟ್ ಹೋಗಿದೆಯಾ?"

"ಇಲ್ಲ, ಉಂಟು," ಎಂದಳು ರಾಫಿಯಾ.

"ಮತ್ತೆ ಕ್ಯಾಮೆರಾ ಯಾಕೆ ಬರುವುದಿಲ್ಲ?"

"ಪ್ಲಗ್ ತೆಗೆದಿದ್ದೇನೆ. ಕರೆಂಟ್ ಉಳಿಸ್ಲಿಕ್ಕೆ ನೀವೇ ಹೇಳಿದ್ದಲ್ವಾ?"

ಕಳ್ಳರ ಭಯವೆಂದು ನೌಫಲ್ ಗೇಟಿಗೊಂದು, ಮನೆ ಮುಂದಿನ ಸಿಟೌಟಿಗೊಂದು ಕ್ಯಾಮೆರಾ ಹಾಕಿಸಿ ಎಂಟು ತಿಂಗಳಾಗಿತ್ತು. ಅಂದಿನಿಂದ ಸಿಟೌಟಿನ ಬಲ್ಬ್ ಉರಿದರೆ ಫೋನ್, ಫ್ಯಾನ್ ತಿರುಗಿದರೆ ಫೋನ್. ಒಂದು ಸಂಜೆ ರಾಫಿಯಾ ತಂಗಿ ನಸೀಬಾಳ ಜೊತೆ ಅಲ್ಲಿ ಹರಟುತ್ತಾ ಕೂತಿದ್ದಾಗ ಕ್ಯಾಮೆರಾದ ಸ್ಪೀಕರಿನಿಂದಲೇ ಅವನ ಸ್ವರ ಬಂದಿತ್ತು: "ಪಟ್ಟಾಂಗಕ್ಕೆ ಲೈಟ್ ಬೇಕಾ?" ನಸೀಬಾ ಆಮೇಲೆ ಈ ಕಡೆ ಬಂದಿಲ್ಲ.

ನೌಫಲನ ತಾಯಿ ರುಖಿಯಮ್ಮ ಬೀಡಿ ಕಟ್ಟುತ್ತಿದ್ದುದೂ ಅದೇ ಬಲ್ಬಿನ ಕೆಳಗೆ. ಗಲ್ಫಿನಲ್ಲಿ ಮಗ ಇರುವಾಗ ತಾಯಿ ಬೀಡಿ ಕಟ್ಟುವುದು ಮರ್ಯಾದೆಯಲ್ಲ ಎಂದು ಅದನ್ನೂ ಅವನು ನಿಲ್ಲಿಸಿದ. ಎಲೆ, ಹೊಗೆಸೊಪ್ಪು ಹರಡಿಕೊಳ್ಳುವ ಮೊರ, ಬೀಡಿಯ ತಡ್ಪೆ, ಅಟ್ಟ ಸೇರಿತು. ರುಖಿಯಮ್ಮ ಬೈದದ್ದು ಮಾತ್ರ ಸೊಸೆಗೆ.

"ತಮಾಷೆ ಸಾಕು. ಪ್ಲಗ್ ಹಾಕು," ಎಂದ ನೌಫಲ್.

"ಸಿಟೌಟಿನ ಬಲ್ಬ್ ಒಂಬತ್ತು ವ್ಯಾಟ್. ದಿನಕ್ಕೆ ಮೂರು ಗಂಟೆ ಉರಿದರೂ ತಿಂಗಳಿಗೆ ಒಂದು ಯೂನಿಟ್ ಆಗುವುದಿಲ್ಲ. ನಿಮ್ಮ ಕ್ಯಾಮೆರಾ, ಅದರ ರೆಕಾರ್ಡಿಂಗ್ ಪೆಟ್ಟಿಗೆ, ವೈಫೈ ಸೇರಿ ಮೂವತ್ತು ವ್ಯಾಟ್. ಇಪ್ಪತ್ತನಾಲ್ಕು ಗಂಟೆ. ತಿಂಗಳಿಗೆ ಇಪ್ಪತ್ತೊಂದು ಯೂನಿಟ್ ದಾಟ್ತದೆ."

"ಯಾರು ಹೇಳಿಕೊಟ್ಟದ್ದು ನಿನಗೆ?"

"ಲೇಬಲ್‌ನಲ್ಲಿ ಬರೆದುಂಟು. ಗುಣಾಕಾರ ನನಗೆ ಬರ್ತದೆ."

"ಸೋಮವಾರ ಬಾಸಿತ್‌ನನ್ನು ಕಳಿಸ್ತೇನೆ. ಪ್ಲಗ್ಗೇ ಇಲ್ಲದ ಹಾಗೆ ಮೈನ್ ಬೋರ್ಡಿನಿಂದ ವಯರ್ ಎಳೆಸ್ತೇನೆ. ಮತ್ತೆ ನೀನು ಕೂತದ್ದು, ಎದ್ದದ್ದು ಎಲ್ಲ ನೋಡ್ತೇನೆ."

"ಇಷ್ಟರವರೆಗೆ ನೋಡದೆ ಬಿಟ್ಟದ್ದುಂಟಾ?"

ಫೋನ್ ಕಟ್ಟಾಯಿತು. ಒಳಗಿನ ಕೋಣೆಯಲ್ಲಿ ಕೂತಿದ್ದ ರುಖಿಯಮ್ಮನಿಗೆ ಎಲ್ಲವೂ ಕೇಳಿಸಿತ್ತು. ಶನಿವಾರ ಅವರು ಸೊಸೆಗೆ ಏನೂ ಹೇಳದೆ ಬೀಡಿ ಬ್ರಾಂಚಿಗೆ ಹೋಗಿ ಎಲೆ, ಹೊಗೆಸೊಪ್ಪು ತಂದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ನೌಫಲನ ತಮ್ಮ ಬಾಸಿತ್ ಎಲೆಕ್ಟ್ರಿಷಿಯನ್ ರಂಜಿತ್‌ನನ್ನು ಏಣಿ ಸಮೇತ ಕರೆತಂದ. ವಯರ್ ಎಳೆಯಬೇಕಾದ ಸಿಟೌಟಿನ ಗೋಡೆಗೆ ಒರಗಿ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ರುಖಿಯಮ್ಮ ಕೂತಿದ್ದರು.

"ಉಮ್ಮಾ, ಸ್ವಲ್ಪ ಏಳಿ. ಏಣಿ ಇಡಬೇಕು."

"ಐನೂರು ಬೀಡಿ ಬಾಕಿ ಉಂಟು."

"ಅಣ್ಣ ಕೇಳಿದರೆ ಏನು ಹೇಳುವುದು?"

"ಉಮ್ಮ ಬೀಡಿ ಕಟ್ತಾ ಇದ್ದಾರೆ ಅಂತ ಹೇಳು. ಅವನ ಜೊತೆ ಕೆಲಸ ಮಾಡುವವರಿಗೂ ಹೇಳ್ಲಿ."

ರಂಜಿತ್ ಏಣಿಯನ್ನು ಆಚೆ ಗೋಡೆಗೆ ಒರಗಿಸಿ ಬೀಡಿಯೊಂದನ್ನು ಎತ್ತಿಕೊಳ್ಳಲು ಕೈ ಚಾಚಿದ. ರುಖಿಯಮ್ಮ ಆ ಕೈಗೆ ಕತ್ತರಿಯ ಹಿಡಿಯಿಂದ ಬಡಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ರಾಫಿಯಾಳಿಗೆ ನಗು ತಡೆಯಲಾಗಲಿಲ್ಲ.

"ನಿನಗೆಂತ ನಗು ಮಾರಾಯ್ತಿ? ನಿನ್ನ ಪರವಾಗಿ ಕೂತದ್ದಲ್ಲ ನಾನು. ಎಲೆ ಒಣಗ್ತದೆ, ನೀರು ತಾ."

ರಾಫಿಯಾ ನೀರು ತಂದಿಟ್ಟಳು. ಹನ್ನೆರಡೂವರೆಗೆ ರಂಜಿತ್ ವಯರ್ ಎಳೆಯದೆಯೇ ಏಣಿ ಹೊತ್ತು ಬಿ.ಸಿ.ರೋಡಿಗೆ ಹಿಂದಿರುಗಿದ. ಅಂದು ಸಂಜೆ 6.45ಕ್ಕೆ ಹಾಕಿದ ಸಿಟೌಟಿನ ಬಲ್ಬ್ 9.30ರವರೆಗೆ ಉರಿಯಿತು.