ನಮ್ಮ ಓಣಿಯಲ್ಲಿ ಸಾವು ಕಡಿಮೆ

"ಸಾಯೋದಿದ್ರ ನಿಮ್ಮೂರಾಗ ಹೋಗಿ ಸಾಯೋ ಸೂಳೀಮಗನ. ನಾಳೆ ಸಾಹೇಬ ಬರೂ ಹೊತ್ತಿಗೆ ಇಲ್ಲಿ ಕೆಮ್ಮಿದೀ ಅಂದ್ರ ನಾಲಿಗಿ ಕೀಳತೇನಿ."

ಹೀಗೆ ಹರಸಿದವನು ನಮ್ಮ ಮಾಲಕರ ದಿವಾಣಜಿ ಬಾಳಗೊಂಡ. ಹರಸಿಕೊಂಡವನು ನನ್ನ ಗಂಡ. ಗಂಡನ ಹೆಸರು ಹೇಳಬಾರದು, ಆದರೂ ಹೇಳುತ್ತೇನೆ: ಜೋತಿಬಾ. ಇಚಲಕರಂಜಿಯಲ್ಲಿ ಬಾಪೂಸಾಹೇಬರ ಶೆಡ್ಡಿನೊಳಗೆ ಹತ್ತಿಯ ಧೂಳು ನುಂಗುತ್ತ ಅವನು ಮಗ್ಗ ನಡೆಸುತ್ತಿದ್ದ, ನಾನು ಅದೇ ಶೆಡ್ಡಿನಲ್ಲಿ ನೂಲು ಸುತ್ತುತ್ತಿದ್ದೆ. ಎಪ್ಪತ್ತೆಂಟರ ಆ ಬೇಸಿಗೆಯಲ್ಲಿ ಅವನ ಕೆಮ್ಮಿನಲ್ಲಿ ರಕ್ತ ಬೀಳತೊಡಗಿತ್ತು. ಹೊರಗೆ ಟೆಂಪೋ ಗುರುಗುಡುತ್ತ ನಿಂತಿತ್ತು.

ಆ ಟೆಂಪೋದ ಬಗ್ಗೆ ಹೇಳಬೇಕು. ಬಾಪೂಸಾಹೇಬರು ನಮಗೆ ಪುಕ್ಕಟೆ ಕೊಡುತ್ತಿದ್ದುದು ಅದೊಂದೇ. ಗಡಹಿಂಗ್ಲಜದ ಪೇಟೆಗೆ ಬಟ್ಟೆ ಒಯ್ಯುವ ಗಾಡಿ ಅದು. ಶೆಡ್ಡಿನಲ್ಲಿ ಯಾರಿಗಾದರೂ ಕೆಮ್ಮು ಜೋರಾದರೆ ಬಟ್ಟೆಯ ಗಂಟುಗಳ ನಡುವೆ ಅವನನ್ನೂ ತುರುಕಿ ಉತ್ತೂರಿಗೋ, ಅವನವನ ಹಳ್ಳಿಗೋ ಬಿಟ್ಟುಬರುತ್ತಿತ್ತು. ಹಳ್ಳಿಯ ಹವಾ ಚಲೋ ಎಂದು ಮಾಲಕರ ಅಭಿಪ್ರಾಯ. ಧೋಂಡಿಬಾ ಹೋದ, ಹೀರಾಬಾಯಿಯ ಗಂಡ ಹೋದ, ಹಾಲಸಿದ್ದ ಹೋದ. ಆ ಚಲೋ ಹವಾದಲ್ಲಿ ಎಲ್ಲರೂ ಒಂದೆರಡು ತಿಂಗಳಿಗೆ ಸತ್ತರು. ಮರಳಿ ಬರುವಾಗ ಅದೇ ಟೆಂಪೋ ಮೀಸೆ ಚಿಗುರದ ಹುಡುಗರನ್ನು ತುಂಬಿಕೊಂಡು ಬರುತ್ತಿತ್ತು.

"ನಾ ಹೋಗೂದಿಲ್ಲರಿ," ಎಂದ ನನ್ನ ಗಂಡ. "ನಾಳೆ ಓಣಿಗೆ ದವಾಖಾನಿ ಕೊಡತಾರಂತ. ಔಷಧ ಸಿಕ್ಕರ ನೆಟ್ಟಗಾಕ್ಕೇನಿ."

ಅದೇ ಅವನ ಆಸೆ, ನನ್ನದೂ. ಸರಕಾರದ ಒಂದು ಪುಕ್ಕಟೆ ದವಾಖಾನೆ ಮಂಜೂರಾಗಿತ್ತು. ನಮ್ಮ ಓಣಿಗೋ, ಮಾಲಕರ ಮನೆಗಳಿರುವ ಬಾಪೂಸಾಹೇಬರ ಓಣಿಗೋ ಎಂದು ಹೇಳಲು ಆರೋಗ್ಯದ ಸಾಹೇಬರು ಬರುವವರಿದ್ದರು. ಅವರ ಓಣಿಗೆ ಹೋದರೆ ನಮ್ಮನ್ನು ಗೇಟಿನ ಒಳಗೇ ಬಿಡುವುದಿಲ್ಲ. ನಮ್ಮ ಓಣಿಗೆ ಬಂದರೆ ಗಂಡ ಉಳಿಯುತ್ತಾನೆ, ಇಲ್ಲದಿದ್ದರೆ ಟೆಂಪೋ. ನಾನು ಬಾಗಿಲಿಗೆ ಅಡ್ಡ ನಿಂತೆ.

"ರಂಡೀ, ನಾಳೆ ಸಂಜೀಕ ಇಬ್ಬರನೂ ಹೇರತೇನಿ," ಎಂದು ಬಾಳಗೊಂಡ ಹೋದ.

ಮರುದಿನ ಶೆಡ್ಡಿನ ಮುಂದೆ ಪೆಂಡಾಲು ಎದ್ದಿತು. ಆರೋಗ್ಯದ ಸಾಹೇಬರು ಹಾರ ಹಾಕಿಸಿಕೊಂಡು ಮೈಕು ಹಿಡಿದರು.

"ಬಾಪೂಸಾಹೇಬರ ಓಣ್ಯಾಗ ವರ್ಷಕ್ಕ ಸಾವಿರ ಮಂದಿಗೆ ಇಪ್ಪತ್ತು ಸಾವು. ನಿಮ್ಮಲ್ಲಿ ಬರೇ ನಾಕು. ನಿಮ್ಮ ಆರೋಗ್ಯ ನೋಡಿ ಖುಷಿ ಆತು. ದುಡಿಯೂ ಮೈ, ರೊಟ್ಟಿ ತಿನ್ನೂ ಮೈ. ಸಾವು ಹೆಚ್ಚಿದ್ದಲ್ಲಿ ದವಾಖಾನಿ ಬೇಕು. ಅದಕ್ಕ ಅದನ್ನ ಬಾಪೂಸಾಹೇಬರ ಓಣಿಗೆ ಕೊಟ್ಟೇವಿ."

ನಮ್ಮವರು ಚಪ್ಪಾಳೆ ತಟ್ಟಿದರು. ಹೊಗಳಿದ್ದರಲ್ಲ.

"ಯಮುನವ್ವಾ, ಅಂದ್ರ ನಮಗ ದವಾಖಾನಿ ಇಲ್ಲೇನ?" ಎಂದು ಪಕ್ಕದ ಮನೆಯ ಬಾಳಕ್ಕ ನನ್ನ ಕಿವಿಯಲ್ಲಿ ಕೇಳಿದಳು.

"ನಾವು ಸಾಯೂದು ಕಡಿಮಿ ಅಂತವ್ವಾ," ಎಂದೆ.

ಸಾಹೇಬರ ಸಂಗಡ ಪುಣೆಯಲ್ಲಿ ಕಲಿತ ಮಂಗಲ ಎಂಬ ಎಳೆಯ ಡಾಕ್ಟರಬಾಯಿ ಬಂದಿದ್ದಳು. ಅವಳು ಎದ್ದು ನಿಂತಳು. "ಸರ್, ಹಂಗ ನೋಡಿದ್ರ ತಪ್ಪಾಕ್ಕೈತಿ. ಅಲ್ಲಿ ಎಂಬತ್ತು ತೊಂಬತ್ತರ ಮುದುಕರು ಅದಾರ, ಸಾಯ್ತಾರ. ಇಲ್ಲಿ ಎಲ್ಲಾರೂ ಹರೇದವರು. ವಯಸ್ಸಿಗೆ ವಯಸ್ಸು ಹಚ್ಚಿ ನೋಡಬೇಕ್ರಿ, ಮೂವತ್ತರಾವ್ರ ಜೋಡಿ ಮೂವತ್ತರಾವ್ರನ್ನ. ಎರಡೂ ಓಣ್ಯಾಗ ಮುದುಕರು, ಹುಡುಗರು ಒಂದ ನಮೂನಿ ಇದ್ದಿದ್ರ ಎಷ್ಟ ಮಂದಿ ಸಾಯ್ತಿದ್ರು, ಅದನ್ನ ತಗೀಬೇಕು. ಇಲ್ಲಿಂದ ಊರಿಗೆ ಹೋಗಿ ಸತ್ತವ್ರನ್ನೂ ಹಿಡೀಬೇಕು."

"ಬಾಯಿ, ಇದು ಕಾರ್ಯಕ್ರಮ. ಪಾಠ ಪುಣೆದಾಗ ಹೇಳ್ರಿ," ಎಂದರು ಸಾಹೇಬರು. "ಈಗ ಶಾಲು ತರ್ರಿ."

ಶಾಲು ಓಣಿಯ ಹಿರಿಯರಿಗೆ. ಇಷ್ಟು ಗಟ್ಟಿಮುಟ್ಟಾದ ಓಣಿಯಲ್ಲಿ ಹಿರಿಯರು ಗಿಜಿಗುಡುತ್ತಿರಬೇಕೆಂದು ಸಾಹೇಬರ ಎಣಿಕೆ. ಬಾಳಗೊಂಡ ಆ ಕಡೆ ಈ ಕಡೆ ನೋಡಿದ. ಹಿರಿಯರಾಗಬೇಕಾದವರನ್ನೆಲ್ಲ ಅವನೇ ಟೆಂಪೋಕ್ಕೆ ಹೇರಿದ್ದ. ಕೊನೆಗೆ ಸಾಹೇಬರ ಕಣ್ಣಿಗೇ ಒಬ್ಬ ಬಿದ್ದ. ಗೋಡೆಗೆ ಒರಗಿ ಕೂತಿದ್ದ ನನ್ನ ಗಂಡ. ಬೆನ್ನು ಬಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ನಸುಕಿನ ಪಾಳಿ ಮುಗಿಸಿ ಬಂದವನ ತಲೆ, ಹುಬ್ಬುಗಳ ಮೇಲೆಲ್ಲ ಹತ್ತಿ ಕೂತು ಬೆಳ್ಳಗಾಗಿತ್ತು.

"ಯಾ ಆಜೋಬಾ, ಯಾ," ಎಂದು ಮರಾಠಿಯಲ್ಲಿ ಅಜ್ಜನನ್ನು ಕರೆಯುವ ಹಾಗೆ ಕರೆದು ಕೈಹಿಡಿದು ಎಬ್ಬಿಸಿದರು. ಶಾಲು ಹೊದಿಸಿ, ಮೈಕು ಅವನ ಬಾಯಿಗೆ ಹಿಡಿದರು. "ಅಜ್ಜಾರ, ವಯಸ್ಸೆಷ್ಟು ನಿಮಗ? ಈ ಆರೋಗ್ಯದ ಗುಟ್ಟೇನು?"

"ಮೂವತ್ನಾಕ್ರಿ," ಎಂದ ನನ್ನ ಗಂಡ. ಗುಟ್ಟು ಹೇಳುವುದರೊಳಗೆ ಕೆಮ್ಮು ಬಂತು. ಹೊಸ ಶಾಲು ಕೆಂಪಾಯಿತು.

ಮೊದಲು ನಮ್ಮ ಹುಡುಗರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಸಾಹೇಬರು ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ, "ಮತ್ತ ಇಂವಗಿಂತ ದೊಡ್ಡಾವ್ರು ಯಾರದಾರ ಇಲ್ಲೆ?" ಎಂದರು. ಮುಂದೆ ಬರಲು ಯಾರೂ ಇರಲಿಲ್ಲ.

ಬಾಪೂಸಾಹೇಬರು ಮೆತ್ತಗೆ ಹೇಳಿದರು: "ಜೋತಿಬಾ, ಊರಿಗೆ ಹೋಗಪಾ. ಹಳ್ಳಿ ಹವಾ ಚಲೋ ಇರತೈತಿ. ಟೆಂಪೋ ನಿಂತೈತಿ ನೋಡು."

ಆ ಟೆಂಪೋ ಹತ್ತಿದವನು ಇಲ್ಲಿಯ ಲೆಕ್ಕದಲ್ಲಿ ಬದುಕಿಯೂ ಇಲ್ಲ, ಸತ್ತೂ ಇಲ್ಲ. ಮನೆಯೊಳಗಿನ ಹಗ್ಗದ ಮಂಚ ಎಳೆದು ತಂದು, "ಬಾಳಕ್ಕಾ, ಹೊರಸು ಹಿಡಿ," ಎಂದೆ. ಅವಳೊಂದು ಕಾಲು, ನಾನೊಂದು ಕಾಲು, ಹುಡುಗರು ಉಳಿದೆರಡು. ಶಾಲು ಹೊದ್ದ ನನ್ನ ಗಂಡನನ್ನು ಮಲಗಿಸಿಕೊಂಡು ಬಾಪೂಸಾಹೇಬರ ಓಣಿಗೆ ನಡೆದೆವು. ಗೇಟಿನ ಕಾವಲುಗಾರ ಶಾಲು ನೋಡಿ ಯಾರೋ ದೊಡ್ಡವರೆಂದು ದಾರಿ ಬಿಟ್ಟ. ಮಾಲಕರ ಜಗುಲಿಯ ಮುಂದೆ ಹೊರಸು ಇಳಿಸಿದೆವು.

ಬಾಳಗೊಂಡ ಟೆಂಪೋ ತಗೊಂಡೇ ಬೆನ್ನು ಹತ್ತಿದ್ದ. "ಎತ್ತರ್ಲೇ ಹಡಸೂಳ್ಯಾರ. ಇದೇನ ನಿಮ್ಮಪ್ಪನ ಓಣಿ?"

"ದವಾಖಾನಿ ಇಲ್ಲೇ ಆಗೂದಂತಲ್ಲ. ಪೇಶಂಟ್ ಬಂದಾನ," ಎಂದೆ. "ಸತ್ತರ ನಿಮ್ಮ ಓಣಿ ಲೆಕ್ಕಕ್ಕ ಬರಕೋರಿ. ವಯಸ್ಸು ಮೂವತ್ನಾಕು."

ಜಗುಲಿಯ ತೂಗುಮಂಚದಲ್ಲಿ ಬಾಪೂಸಾಹೇಬರ ತಾಯಿ ಕೂತಿದ್ದರು, ತೊಂಬತ್ತು ದಾಟಿದ ಜೀವ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಯಾರವಾ ಆ ಮುದುಕ? ಪಾಪ, ಭಾಳ ವಯಸ್ಸಾಗೇತಿ."

"ಮುದುಕ ಅಲ್ರಿ ಆಯಿ, ನಿಮ್ಮ ಮೊಮ್ಮಗನ ವಾರಿಗ್ಯಾಂವ," ಎಂದೆ. ಅಷ್ಟರಲ್ಲಿ ಬಾಪೂಸಾಹೇಬರೂ ಬಂದು ನಿಂತರು. ನಾನು ಹೋಗಿ ಟೆಂಪೋದ ಹಿಂಬಾಗಿಲು ತೆಗೆದೆ. "ಉತ್ತೂರ ಹವಾ ಭಾಳ ಚಲೋ ಐತಂತ್ರಿ, ನಿಮ್ಮ ಮಗನ ಹೇಳ್ಯಾರ. ನೀವು ಹತ್ತರಿ ಆಯಿ. ನಿಮ್ಮ ಓಣ್ಯಾಗೂ ಸಾವು ಕಡಿಮಿ ಆಕ್ಕಾವ."

ಮುದುಕಿ ಮಗನ ಮುಖ ನೋಡಿದರು. ಮಗ ನೆಲ ನೋಡಿದರು. ಟೆಂಪೋದ ಬಾಗಿಲು ಹಾಗೇ ತೆರೆದಿತ್ತು, ನನ್ನ ಗಂಡ ಕೆಮ್ಮುತ್ತಿದ್ದ. ನಾನು ತಿರುಗಿ ಬಂದು ಹೊರಸು ಹಿಡಿದು ನಿಂತೆ, ಆಮೇಲೆ ನಾವು ಯಾರೂ ಅದರಿಂದ ಕೈ ತೆಗೆಯಲಿಲ್ಲ.