ನಮಗೇ ಹಾಕಿ

ನಮ್ಮ ಗಲ್ಲಿಯ ಬಾಯಿಗೆ ಅಡ್ಡಲಾಗಿ ದೊಡ್ಡ ರಸ್ತೆ ಬಂದಾಗ ಅದರ ನಟ್ಟನಡುವೆ ಆಳೆತ್ತರದ ಕಬ್ಬಿಣದ ಬೇಲಿಯೂ ಬಂತು. ನಮ್ಮ ಇಸ್ತ್ರಿ ಅಂಗಡಿಯ ಎದುರಿಗೆ ಮಾತ್ರ ಒಬ್ಬರು ಗಂಟು ಹೊತ್ತು ನುಸುಳುವಷ್ಟು ಸಂದು ಬಿಟ್ಟಿದ್ದರು. ಬೇಕೆಂದೇ ಬಿಟ್ಟರೋ, ಕಂಬಿ ಸಾಲದೆ ಬಿಟ್ಟರೋ, ಕೇಳಿದವರಿಲ್ಲ. ಆಚೆ ಬದಿಯ ಖಾಲಿ ಬಯಲಿನಲ್ಲಿ ನೋಡನೋಡುತ್ತಿದ್ದಂತೆ ಮಹಡಿ ಮನೆಗಳು ಎದ್ದವು. ಅಲ್ಲಿಯವರ ಬಟ್ಟೆ ಆ ಸಂದಿನಿಂದಲೇ ನಮ್ಮಲ್ಲಿಗೆ ಬರುತ್ತಿತ್ತು, ಗೆರೆ ಬಿದ್ದ ಮೇಲೆ ಅದರಿಂದಲೇ ಹಿಂದಿರುಗುತ್ತಿತ್ತು. ನಾನು, ಮಗ, ಸೊಸೆ ಮೂವರೂ ತಿನ್ನುವ ಅನ್ನ ಆ ಸಂದಿನಲ್ಲೇ ಓಡಾಡುತ್ತಿತ್ತು ಎನ್ನಿ.

ಸಂದು ಮುಚ್ಚುತ್ತಾರೆಂದು ಸುದ್ದಿ ಬಂತು. ಹೊಸದಾಗಿ ಆರಿಸಿ ಬರುವ ನಗರಸಭೆ ಮೊದಲ ಸಭೆಯಲ್ಲೇ ತೀರ್ಮಾನಿಸುತ್ತದಂತೆ. ಮುಚ್ಚಿದರೆ ದೂರದ ಸಿಗ್ನಲ್ ತನಕ ಹೋಗಿ ಸುತ್ತಿ ಬರಬೇಕು. ಮಗನಿಗೆ ಸೊಂಟ ಹಿಡಿದಿದೆ. ಮೇಜಿಗೆ ಒರಗಿ ಇಸ್ತ್ರಿ ಮಾಡುತ್ತಾನೆ, ಗಂಟು ಹೊರಲಾರ. ಸೊಸೆಯೇ ಹೊತ್ತು ಸುತ್ತಿದರೆ ಅವಳ ಅರ್ಧ ದಿನ ರಸ್ತೆಯ ಪಾಲು. ಆಚೆ ಬದಿಯಲ್ಲೇ ಗಾಜಿನ ಬಾಗಿಲಿನ ಲಾಂಡ್ರಿಯೊಂದು ಬಾಯಿ ತೆರೆದುಕೊಂಡು ಕೂತಿರುವಾಗ ಗಿರಾಕಿಗಳು ನಮ್ಮ ದಾರಿ ಕಾಯುತ್ತಾರೆಯೇ?

ನಮ್ಮ ವಾರ್ಡಿನ ಸದಸ್ಯನಿಗೆ ನಾವಿಟ್ಟ ಹೆಸರು ಹಲ್ಲಣ್ಣ. ಯಾವ ಕಂಬ ನೋಡಿದರೂ ಅವನ ಪೋಸ್ಟರು, ಪೋಸ್ಟರಿನ ತುಂಬ ಅವನ ಹಲ್ಲು. ಸೊಸೆ ಹೋಗಿ ಸಂದಿನ ವಿಷಯ ಕೇಳಿದಳು. "ನೋಡೋಣಮ್ಮಾ, ನೋಡೋಣ" ಎಂದು ಹಲ್ಲು ತೋರಿಸಿ ಕಳಿಸಿದ. ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಹೇಳಿದಳು:

"ಅತ್ತೆ, ಈ ಸಲ ನಾನೇ ನಿಲ್ತೀನಿ."

"ಎಲ್ಲಿ?"

"ಚುನಾವಣೆಗೆ."

ಮಗ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ಇಟ್ಟು ಅವಳನ್ನೇ ನೋಡಿದ. "ತಲೆ ಕೆಟ್ಟಿದೆಯೇನೇ? ನಿಲ್ಲೋದು ಅಂದ್ರೆ ಹುಡುಗಾಟಾನಾ?"

"ಬೆಳಗಿಂದ ಸಂಜೆ ತನಕ ನಿಂತೇ ಇರ್ತೀನಲ್ಲಾ! ಅದೊಂದು ಕೆಲಸ ನಂಗೆ ಚೆನ್ನಾಗಿ ಬರುತ್ತೆ."

ನನಗೆ ನಗು ತಡೆಯಲಿಲ್ಲ. ಆ ನಗುವನ್ನೇ ಅವಳು ಒಪ್ಪಿಗೆ ಎಂದುಕೊಂಡಳು.

ಗಲ್ಲಿಯವರೆಲ್ಲ ನಮ್ಮ ಕಡೆಯೇ. ಆದರೆ ಗಲ್ಲಿಯಲ್ಲಿ ಎಷ್ಟು ಮಂದಿ? ಆಚೆಯ ಒಂದು ಕಟ್ಟಡದ ಒಂದು ಮಗ್ಗುಲಿಗೆ ಸಾಲುವಷ್ಟು. ಗೆಲ್ಲಬೇಕಾದರೆ ಮಹಡಿಯವರ ವೋಟು ಬೇಕೇ ಬೇಕು. ಕರಪತ್ರ ಹಿಡಿದು ಹೋದರೆ ಗೇಟಿನ ಕಾವಲುಗಾರ ಕೈ ಅಡ್ಡ ಇಟ್ಟ.

"ಅಕ್ಕಾ, ದಿನಾ ಬರೋರು ನೀವು, ನಿಮ್ಮನ್ನ ತಡೆಯೋಕೆ ನಂಗೇನು ಖುಷೀನಾ? ಪ್ರಚಾರದೋರನ್ನ ಒಳಗೆ ಬಿಟ್ಟರೆ ಜಾಗ್ರತೆ ಅಂದಿದ್ದಾರೆ ಕಮಿಟಿಯೋರು. ಬಟ್ಟೆ ಕೊಡೋಕಾದ್ರೆ ಹೋಗಿ."

"ಬಟ್ಟೆ ಕೊಡೋವಾಗ ಒಂದು ಮಾತು ಕಿವಿಗೆ ಹಾಕಿ ಬಂದ್ರೆ?"

"ವೋಟು ಗೀಟು ಅನ್ನೋದು ನಿಮ್ಮ ಬಾಯಿಂದ ಬಂತೂಂದ್ರೆ ನನ್ನ ಕೆಲಸ ಹೋಯ್ತು. ಮನೇಲಿ ಹಸುಗೂಸಿದೆ ಅಕ್ಕಾ."

ವೋಟು ಎಂಬ ಮಾತೆತ್ತುವುದಿಲ್ಲ ಎಂದು ಸೊಸೆ ಅವನಿಗೆ ಭಾಷೆ ಕೊಟ್ಟಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ. ಕರಪತ್ರಗಳನ್ನು ಗೇಟಿನ ಡಬ್ಬದಲ್ಲಿ ಹಾಕಿದಳು. ಅಲ್ಲಿ ಆಗಲೇ ಹಲ್ಲಣ್ಣನವೂ ಹಾಸಿಗೆ ಅಂಗಡಿಯವೂ ಯಾರೂ ಮುಟ್ಟದೆ ಬಿದ್ದಿದ್ದವು.

ಅಂದಿನಿಂದ ಗಂಟಿನ ಜೊತೆ ಮನೆಮನೆ ಹತ್ತಿದಳು. ಸಣ್ಣ ಗಂಟು ಹಿಡಿದು ನಾನೂ ಹಿಂದೆ ಹೋಗುತ್ತಿದ್ದೆ. ಬಾಗಿಲು ತೆರೆದವರ ಕೈಗೆ ಬಟ್ಟೆ ಕೊಟ್ಟು, ಕೈ ಮುಗಿದು, "ಅಮ್ಮಾ, ಈ ಸಲ ನಮಗೇ ಹಾಕಿ" ಅನ್ನುತ್ತಿದ್ದಳು. ಇಷ್ಟೇ.

"ನಿಮಗಲ್ಲದೆ ಇನ್ಯಾರಿಗೆ ಹಾಕ್ತೀವಿ?" ಎಂದರು ಏಳನೇ ಮಹಡಿಯ ಟೀಚರಮ್ಮ.

ಎದುರು ಮನೆಯ ಮುದುಕರು, "ಹಾಕೋಣಂತೆ. ಮಗನಿಗೂ ಹೇಳ್ತೀನಿ, ಅವರಿಗೇ ಹಾಕಪ್ಪಾ ಅಂತ" ಎಂದರು. ಇನ್ನೊಬ್ಬಾಕೆ, "ಹೋದ ಸಲ ಬೇರೆಯೋರಿಗೆ ಹಾಕಿ ಕೆಟ್ವಿ ನೋಡಿ" ಎಂದು ಲೊಚಗುಟ್ಟಿದಳು. ಹಲ್ಲಣ್ಣನ ಮೇಲೆ ಇವರಿಗೂ ಇಷ್ಟು ಸಿಟ್ಟಿದೆಯಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

ಲಿಫ್ಟಿನಲ್ಲಿ ಇಳಿಯುವಾಗ ಸೊಸೆ ಕೇಳಿದಳು, "ಅತ್ತೆ, ಗೆದ್ದ ಮೇಲೆ ಸಭೇಲಿ ಏನು ಮಾತಾಡೋದು?"

"ಮೊದಲು ಕೂತ್ಕೊಳ್ಳೋದು ಕಲಿ. ಅಲ್ಲಿ ಕುರ್ಚಿ ಕೊಡ್ತಾರಂತೆ."

ಆ ವಾರ ಬಟ್ಟೆ ಬಂದದ್ದೂ ಬಂದದ್ದೇ. ಅಂಗಿ ಪ್ಯಾಂಟು ಇರಲಿ, ಹಾಸಿಗೆಯ ಹೊದಿಕೆ, ಮೇಜಿನ ಬಟ್ಟೆ, ಎಂದೂ ಇಸ್ತ್ರಿಯ ಮುಖ ಕಾಣದ ದಿಂಬಿನ ಚೀಲಗಳೂ ಬಂದವು. "ಜನ ನಮ್ಮ ಕಡೆ ವಾಲಿದ್ದಾರಮ್ಮಾ" ಎಂದ ಮಗ. ಅಲ್ಲಿಯವರೆಗೂ ಗೊಣಗುತ್ತಿದ್ದವನು ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ನೀರು ಚಿಮುಕಿಸಿ ಚಿಮುಕಿಸಿ ಇಸ್ತ್ರಿ ಮಾಡಿದ. ಜನರ ಒಲವನ್ನು ಗಂಟಿನ ಗಾತ್ರದಲ್ಲಿ ಅಳೆದ ಪೆದ್ದರು ನಾವು.

ಮತದಾನದ ದಿನ ಶಾಲೆಯ ಹೊರಗೆ, ಪೊಲೀಸರು ಎಳೆದ ಸುಣ್ಣದ ಗೆರೆಯಾಚೆ ಸೊಸೆ ನಿಂತಿದ್ದಳು. ಅಂಗಡಿಯಲ್ಲಿ ಮಗ, ಅವಳ ಜೊತೆ ನಾನು. ಟೀಚರಮ್ಮ ವೋಟು ಹಾಕಿ ಬಂದವರು ನಮ್ಮನ್ನು ಕಂಡು ನಿಂತರು.

"ಇದೇನು ಇಲ್ಲಿ? ಇವತ್ತು ಅಂಗಡಿಗೆ ರಜಾನಾ?"

ಸೊಸೆ ನಾಚಿಕೊಂಡು ನಕ್ಕಳು. "ಹಾಕಿದ್ರಾ ಅಮ್ಮಾ?"

"ಇನ್ನೂ ಇಲ್ಲ ಕಣಮ್ಮಾ, ನಾಳೆ ಹಾಕ್ತೀನಿ. ಪರದೆಗಳೆಲ್ಲ ಒಣಗಿವೆ, ಒಟ್ಟಿಗೆ ತಗೊಂಡು ಹೋಗಿ."

ಸೊಸೆಯ ನಗು ಮುಖದ ಮೇಲೇ ನಿಂತುಬಿಟ್ಟಿತು. "ಅದಲ್ಲಮ್ಮಾ… ವೋಟು. ನಾನು ಚುನಾವಣೆಗೆ ನಿಂತಿದೀನಿ."

"ಅಯ್ಯೋ! ನೀವಾ?" ಟೀಚರಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. "ಮತ್ತೆ ಒಂದು ಮಾತು ಹೇಳಬಾರದಿತ್ತಾ? ನಮಗೇ ಹಾಕಿ ಅಂದಾಗ ನಾನು ಬಟ್ಟೆ ಅಂದ್ಕೊಂಡೆನಲ್ಲಮ್ಮಾ! ಪಾಪ, ಲಾಂಡ್ರಿ ಬಂದು ವ್ಯಾಪಾರ ಕಮ್ಮಿಯಾಗಿರಬೇಕು, ಅದಕ್ಕೇ ಕೇಳ್ತಿದ್ದಾಳೆ ಅಂತ ದಿಂಬಿನ ಚೀಲಾನೂ ಕೊಟ್ಟೆ."

ಮತಪತ್ರದಲ್ಲಿ ಸೊಸೆಯ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆ ಹೆಸರು ಮಹಡಿಗಳಲ್ಲಿ ಯಾರಿಗೆ ಗೊತ್ತು? ಕರೆಗಂಟೆ ಒತ್ತಿದರೆ "ಇಸ್ತ್ರಿ ಬಂತು" ಎಂದು ಒಳಗೆ ಕೂಗುತ್ತಿದ್ದರು, ಅಷ್ಟೇ. ಟೀಚರಮ್ಮ ಕೆಟ್ಟವರಲ್ಲ. ಅವಳ ಕೈ ಹಿಡಿದು "ಮುಂದಿನ ಸಲ ಖಂಡಿತ" ಎಂದು ಹೋದರು. ಮುಂದಿನ ಸಲ ಅಂದರೆ ಐದು ವರ್ಷ.

ಸಾಲಿನಲ್ಲಿ ಇನ್ನೂ ನಮ್ಮ ಗಿರಾಕಿಗಳೇ ನಿಂತಿದ್ದರು. ಅವರು ತೊಟ್ಟ ಅಂಗಿಗಳ ತೋಳಿನ ಮೇಲೆ ನಮ್ಮದೇ ಗೆರೆ.

"ಹೋಗಿ ಹೇಳೇ" ಎಂದು ಸೊಸೆಯನ್ನು ತಿವಿದೆ.

"ಗೆರೆ ದಾಟಿ ಪ್ರಚಾರ ಮಾಡಿದ್ರೆ ಪೊಲೀಸ್ನೋರು ಹಿಡೀತಾರೆ ಅತ್ತೆ."

"ಪ್ರಚಾರ ಬೇಡ. ನಿನ್ನ ಹೆಸರು ಇಂಥದ್ದು ಅಂತಷ್ಟೇ ಹೇಳು."

"ಇವತ್ತು ಎಲ್ಲಿ ನಿಂತು ಹೆಸರು ಹೇಳಿದ್ರೂ ಪ್ರಚಾರಾನೇ."

ಸಂಜೆಯ ತನಕ ಅವಳು ಅಲ್ಲೇ ನಿಂತಿದ್ದಳು. ಬಂದವರೆಲ್ಲ ಗುರುತಿನ ನಗು ನಕ್ಕು ಒಳಗೆ ಹೋದರು.

ಎಣಿಕೆಯಾಯಿತು. ನಮಗೆ ಬಿದ್ದದ್ದು ಗಲ್ಲಿಯ ವೋಟು, ಅದೂ ಪೂರ್ತಿಯಲ್ಲ. ಹಲ್ಲಣ್ಣ ತೆರೆದ ಜೀಪಿನಲ್ಲಿ ಬಂದು, ಅಂಗಡಿಯ ಮುಂದೆ ನಿಲ್ಲಿಸಿ, ತನ್ನ ಕೊರಳ ಹಾರಗಳಲ್ಲೊಂದನ್ನು ಸೊಸೆಗೇ ಹಾಕಲು ಬಂದ. ಅವಳು ಕೈ ಮುಗಿದು ಹಿಂದೆ ಸರಿದಳು. ಹಾರ ಇಸ್ತ್ರಿ ಮೇಜಿನ ಮೇಲೆ ಬಿತ್ತು. ಬಿಳಿ ಅಂಗಿಯೊಂದಕ್ಕೆ ಹೂವಿನ ಕಲೆ ಹತ್ತಿ, ಮಗ ಅದನ್ನು ಉಜ್ಜುತ್ತ ಕೂತ. ಪೂರ್ತಿ ಹೋಗಲಿಲ್ಲ.

ಸಭೆಯಲ್ಲಿ ಸಂದಿನ ವಿಷಯ ಬಂದದ್ದೂ ಮುಗಿದದ್ದೂ ನಮಗೆ ತಿಳಿಯಲಿಲ್ಲ. ಒಂದು ಬೆಳಿಗ್ಗೆ ವೆಲ್ಡಿಂಗಿನವನು ಕಂಬಿಗಳನ್ನು ತಂದು ಇಳಿಸಿದ. ಸುತ್ತ ನೋಡಿ ಸೀದಾ ಅಂಗಡಿಗೇ ಬಂದ.

"ಅಕ್ಕಾ, ಜನರೇಟರ್ ಕೆಟ್ಟಿದೆ. ಸ್ವಲ್ಪ ಕರೆಂಟು ಕೊಡ್ತೀರಾ? ಹತ್ತಿರದಲ್ಲಿ ಬೇರೆ ಅಂಗಡಿ ಇಲ್ಲ."

"ಕೊಡಲ್ಲ" ಎಂದ ಮಗ. "ಕೇಳೋಕೆ ನಾಚಿಕೆ ಆಗಲ್ವಾ?"

ವೆಲ್ಡಿಂಗಿನವನಿಗೆ ಏನೂ ಅರ್ಥವಾಗಲಿಲ್ಲ. ಅವನು ನಮ್ಮ ಊರಿನವನಲ್ಲ. ಬೆವರು ಒರೆಸಿಕೊಳ್ಳುತ್ತ ನಿಂತ.

"ಅವನ ಮೇಲೆ ಯಾಕ್ರೀ ರೇಗ್ತೀರಾ?" ಎಂದಳು ಸೊಸೆ. "ಇವತ್ತು ಕೊಡದಿದ್ರೆ ನಾಳೆ ಜನರೇಟರ್ ರಿಪೇರಿ ಮಾಡಿಸ್ಕೊಂಡು ಬರ್ತಾನೆ." ಆಮೇಲೆ ಅವನ ಕಡೆ ತಿರುಗಿ, "ಸ್ವಲ್ಪ ತಾಳಪ್ಪಾ, ಅವರ ಬಟ್ಟೆ ಅವರಿಗೆ ಕೊಟ್ಟು ಬರ್ತೀನಿ" ಎಂದಳು.

ಮಾಡಿಟ್ಟ ಬಟ್ಟೆಯನ್ನಷ್ಟೇ ಅಲ್ಲ, ಮಾಡದೆ ಉಳಿದದ್ದನ್ನೂ ಹೊತ್ತು ಸಂದಿನಲ್ಲಿ ಹೋದಳು, ಬಂದಳು, ಮತ್ತೆ ಹೋದಳು. ಅವನು ಬೇಲಿಗೊರಗಿ ಕಾದ. ಕೊನೆಯ ಗಂಟು ದಾಟಿಸಿ ಈಚೆ ಬಂದವಳು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು ಅವನ ವಯರಿಗೆ ಜಾಗ ಮಾಡಿಕೊಟ್ಟಳು. ಮಗ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ. ಮೇಜಿನ ಮೇಲೆ ಒಂದು ಬಟ್ಟೆಯೂ ಉಳಿದಿರಲಿಲ್ಲ.

ಕಿಡಿ ಹಾರತೊಡಗಿತು. ನಾನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಅವನು ಕೈ ನಿಲ್ಲಿಸಿ, "ಅಜ್ಜೀ, ಈ ಬೆಳಕು ನೋಡಬೇಡಿ, ಕಣ್ಣು ಹೋಗುತ್ತೆ. ಎಲ್ಲರೂ ಆ ಕಡೆ ತಿರುಗಿ" ಎಂದ.

ನಾವು ಮೂವರೂ ಗೋಡೆಗೆ ಮುಖ ಮಾಡಿ ಕೂತೆವು.